ಕೈ ಮಡಿಲಲ್ಲಿರಲಿ

ಆ ನೀರಿನ ಕಚೇರಿಯಲ್ಲಿ ಕಸೂಬಾಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಗಳು ಲುಬುತೊ ಹುಟ್ಟಿದಂದಿನಿಂದ ಅವಳು ಬಾನಾ ಲುಬುತೊ, ಲುಬುತೊಳ ತಾಯಿ. ತಾಮ್ರದ ಗಣಿಗಳ ಆ ಊರಿನಲ್ಲಿ ಗಂಡಸರ ಹೆಸರಿಗೆ 'ಬಾ' ಹಚ್ಚಿ ಗೌರವ ಕೊಡುತ್ತಾರೆ; ಮಕ್ಕಳೊಂದಿಗಳನ್ನು ಬರಿಯ ಹೆಸರಿನಿಂದ ಕೂಗುವುದೆಂದರೆ ತಲೆಗೆ ಸುತ್ತಿದ ಬಟ್ಟೆಯನ್ನು ನಾಲ್ಕು ಜನರ ಎದುರು ಎಳೆದಂತೆ. ಕಳೆದ ವರ್ಷ ಬಿಲ್ಲಿನ ವಿಭಾಗದ ಬಾ ಮ್ವೆಲ್ವಾ ತುಂಬಿದ ಸಭೆಯಲ್ಲಿ ಅದನ್ನೇ ಮಾಡಿದ್ದ.

"ಕಸೂಬಾ," ಎಂದಿದ್ದ, "ಕೈ ಮಡಿಲಲ್ಲಿಟ್ಕೊಂಡು ಕೂತ್ಕೊ. ಇನ್ಮೇಲೆ ಯಾವ ಮಷೀನೂ ಮುಟ್ಬೇಡ."

ಆಗಿದ್ದಿಷ್ಟು. ಬಿಲ್ಲಿನ ಸಾಫ್ಟ್‌ವೇರ್ ಹೊಸದಾದಾಗ ಅವಳು ತನ್ನ ಮೇಜಿನಿಂದಲೇ ಕಚೇರಿಯ ಎಲ್ಲ ಕಂಪ್ಯೂಟರುಗಳಿಗೆ ಒಟ್ಟಿಗೆ ಅದನ್ನು ಕಳಿಸಿ ಕೂರಿಸುತ್ತಿದ್ದಳು. ಅಂದು ಕೆಲಸ ಅರ್ಧಕ್ಕೆ ಬಂದಿತ್ತು. ಮ್ವೆಲ್ವಾನ ಪರದೆ ಕಪ್ಪಗಾಗಿ ನಿಂತಿತು. ಕಾಯುವ ಜಾಯಮಾನವೇ ಅವನದಲ್ಲ. ಗೋಡೆಯಿಂದ ಅದರ ಪ್ಲಗ್ಗು ಕಿತ್ತು, ಅಲ್ಲಿ ಚಹಾದ ಕೆಟಲಿನದು ಚುಚ್ಚಿದ. ಚಹಾ ಆಯಿತು, ಕಂಪ್ಯೂಟರು ಕೆಟ್ಟಿತು, ಒಂದು ಇಡೀ ಬಡಾವಣೆಗೆ ನೀರಿನ ಬಿಲ್ಲು ಎರಡೆರಡು ಸಲ ಹೋಯಿತು. ಕೆಟಲನ್ನು ಕಂಡವರೆಲ್ಲ ಅದರ ಚಹಾ ಕುಡಿದವರೇ. ತಪ್ಪು ಅವಳದೇ ಎಂದು ಮ್ವೆಲ್ವಾ ಸಭೆಯಲ್ಲಿ ಹೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಬಾನಾ ಲುಬುತೊಳನ್ನು ಊರಾಚೆಯ ಪಂಪ್‌ಮನೆಗೆ ಹಾಕಿದರು.

ಪಂಪ್‌ಮನೆಯಲ್ಲಿ ಮೋಟಾರಿನ ಗುಂಯ್‌ಗುಟ್ಟುವಿಕೆ ಬಿಟ್ಟರೆ ಮಾತಿಗೆ ಯಾರೂ ಇರಲಿಲ್ಲ. ಅಲ್ಲಿ ಕೂತು ಅವಳು ಒಂದು ಬೀಗ ಬರೆದಳು. ಕಂಪ್ಯೂಟರಿನೊಳಗೆ ಬೀಳುವ ಬೀಗ: ಹೊಸ ಸಾಫ್ಟ್‌ವೇರ್ ಕೂತು ಮುಗಿಯುವ ತನಕ ಕೀಲಿಮಣೆ ಸತ್ತಂತೆ, ಮೌಸ್ ಸತ್ತಂತೆ, ಗುಂಡಿ ಒತ್ತಿದರೂ ಆರುವುದಿಲ್ಲ. ಹೊಸ ಮ್ಯಾನೇಜರ್ ಬಂದು ಅವಳನ್ನು ವಾಪಸು ಕರೆಸಿಕೊಂಡಾಗ ಪ್ಲಗ್ಗುಗಳಿಗೆಲ್ಲ ಮರದ ಪೆಟ್ಟಿಗೆ ಹೊಡೆಸಿದಳು. ಅವರು ಮೆಚ್ಚಿಕೊಂಡರು. ಮಧ್ಯಾಹ್ನವಾದರೆ ಊರಿಗೆ ಕರೆಂಟಿರದ ಕಾಲ. ಆದ್ದರಿಂದ ಬೆಳಗ್ಗೆಯೇ, ಜನ ಸಾಲು ನಿಂತಿರುವಾಗಲೇ, ಆ ಕೆಲಸ ಮಾಡಬೇಕಿತ್ತು. ಅವಳಿಗೆ ಬೇಕಿದ್ದುದೂ ಅದೇ.

ಒಂದು ಬೆಳಗ್ಗೆ ಅವಳು ಹೊಸ ಸಾಫ್ಟ್‌ವೇರ್ ಕಳಿಸಿದಾಗ, ನಾಲ್ಕನೆಯದು ಬಿಟ್ಟು ಉಳಿದ ಕೌಂಟರುಗಳ ಪರದೆಗಳಲ್ಲಿ 'ದಯವಿಟ್ಟು ಕಾಯಿರಿ' ಎಂದು ಬಂತು. ಸ್ವಲ್ಪ ಹೊತ್ತಿಗೆ ಅವುಗಳ ಬೀಗ ತಾನಾಗಿ ತೆರೆದು ಕೆಲಸ ಶುರುವಾಯಿತು. ನಾಲ್ಕನೇ ಕೌಂಟರಿನ ಬೀಗ ಮಾತ್ರ ಅವಳ ಮೇಜಿನಿಂದಲೇ ತೆರೆಯಬೇಕು. ಅಲ್ಲಿ ಮ್ವೆಲ್ವಾ ಕೂತಿದ್ದ. ಅವನ ಪರದೆಯ ಮೇಲಿನ ಸಾಲು ಬೇರೆ:

'ಮ್ವೆಲ್ವಾ, ಕೈ ಮಡಿಲಲ್ಲಿಟ್ಕೊಂಡು ಕೂತ್ಕೊ.'

ಅವನು ಒಂದು ಕೀಲಿ ಒತ್ತಿದ. ಆ ಕೀಲಿಮಣೆಗೆ ಅವಳು ಒಂದೇ ಒಂದು ಕೆಲಸ ಉಳಿಸಿದ್ದಳು. ಹಜಾರದ ಗೋಡೆಯಲ್ಲಿ ಟೋಕನ್ ಸಂಖ್ಯೆ ತೋರಿಸುವ ದೊಡ್ಡ ಟಿ.ವಿ. 'ಟಿಂಗ್' ಎಂದಿತು. ಅದರಲ್ಲೂ ಅದೇ ಸಾಲು ಮೂಡಿತು. ಮತ್ತೆ ಒತ್ತಿದ. ಟಿಂಗ್. ಅದೇ ಸಾಲು, ಮೊದಲಿನದರ ಕೆಳಗೆ.

"ಓ ಸಾಹೇಬ್ರೇ," ಸಾಲಿನಲ್ಲಿದ್ದ ಗಣಿ ಬೂಟಿನವನೊಬ್ಬ ಕೂಗಿದ, "ಟಿ.ವಿ. ಹೇಳಿದ್ ಕೇಳಿ. ಕೈ ಎಲ್ಲಿಡ್ಬೇಕಂತೆ?"

"ಮನೇಲಿ ಹೆಂಡ್ತಿ ಹೇಳ್ತಾಳೆ, ಇಲ್ಲಿ ಡಬ್ಬ ಹೇಳ್ತದೆ," ಎಂದ ಇನ್ನೊಬ್ಬ. ಹಜಾರವೆಲ್ಲ ನಕ್ಕಿತು.

ಮ್ವೆಲ್ವಾ ಮೇಜಿನಡಿ ಬಗ್ಗಿದ. ಪೆಟ್ಟಿಗೆಯ ಮೊಳೆ ಎಳೆದು ನೋಡಿದ. ಎದ್ದಾಗ ಮೊಣಕಾಲಿಗೆ ಧೂಳು ಮೆತ್ತಿತ್ತು. ಗಾಜಿನ ಗೋಡೆಯ ಹಿಂದಿನಿಂದ ಬಾನಾ ಲುಬುತೊ ಒಂದೂ ಬಿಡದೆ ನೋಡಿದಳು. ಪಂಪ್‌ಮನೆಯ ಒಂದೊಂದು ಮಧ್ಯಾಹ್ನಕ್ಕೂ ಇದು ಸಂದಾಯ ಎನಿಸಿತು.

ಅವನ ಸಾಲಿನ ಜನ ಬೇರೆ ಕೌಂಟರುಗಳಿಗೆ ಕರಗಿದರು. ಒಬ್ಬಳು ಅಜ್ಜಿ ಮಾತ್ರ ಕಾಲುನೋವೆಂದು ಅವನೆದುರಿನ ಬೆಂಚಿನಲ್ಲೇ ಉಳಿದಳು. ಕನ್ನಡಕ ಏರಿಸಿ ಟಿ.ವಿ. ಓದಿ, ಮುಖ ಸಿಂಡರಿಸಿದಳು.

"ದೊಡ್ಡ ಗಂಡಸಿನ ಹೆಸರಿಗೆ 'ಬಾ' ಹಚ್ಚದೆ ಹಾಗೇ ಬರ್ದಿದಾರಲ್ಲ. ಯಾರಪ್ಪ ಅದು?"

"ನಾನೂ ಒಂದ್ಸಲ ಹಂಗೇ ಕರ್ದಿದ್ದೆ, ಅಜ್ಜಿ," ಎಂದ ಮ್ವೆಲ್ವಾ, ತಗ್ಗಿದ ದನಿಯಲ್ಲಿ.

"ಹಂಗಾದ್ರೆ ಸುಮ್ನೆ ಕೂತ್ಕೋ ಮಗಾ." ಅಜ್ಜಿ ಸೆರಗಿನ ಗಂಟು ಬಿಚ್ಚಿ ಬೇಯಿಸಿದ ಶೇಂಗಾ ತೆಗೆದಳು. ಒಂದೊಂದೇ ಸುಲಿದು, ಗಾಜಿನ ಕಿಂಡಿಯಿಂದ ಅವನತ್ತ ತಳ್ಳತೊಡಗಿದಳು. "ನಾವು ಇಲ್ಲಿ ದಿನಾ ಕಾಯ್ತೀವಿ. ಏನೂ ಆಗಲ್ಲ."

ಅಜ್ಜಿಯ ಬೆರಳುಗಳು ಗಂಟು ಗಂಟಾಗಿದ್ದವು. ಸುಲಿಯುವುದು ಅವಳಿಗೆ ಸುಲಭವಿರಲಿಲ್ಲ. ಬಾನಾ ಲುಬುತೊ ಅದನ್ನು ಕಂಡಳು. ಕಾಣದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು. ಆದರೂ ಬೀಗ ತೆರೆಯಲಿಲ್ಲ.

ಕೊನೆಗೆ ಮ್ವೆಲ್ವಾ ಎದ್ದು ಅವಳ ಮೇಜಿನ ಬಳಿ ಬಂದ.

"ತೆಗೀರಿ, ಬಾನಾ ಲುಬುತೊ."

"ಕೆಟಲ್ ವಿಷಯ ಹೇಳಿ, ತೆಗೀತೀನಿ."

"ನಾನೇ ಪ್ಲಗ್ಗು ಕಿತ್ತಿದ್ದು. ಸಾಕಾ?"

"ನನಗೆ ಗೊತ್ತಿರೋದನ್ನ ನನಗೇ ಹೇಳಿದ್ರೆ? ಅವತ್ತು ಸಭೆಯಲ್ಲಿ ಎಲ್ಲರೂ ಕೇಳಿದ್ರು. ಇವತ್ತೂ ಕೇಳ್ಲಿ."

"ಮ್ಯಾನೇಜರ್ ಇದಾರೆ."

"ಇದಾರೆ. ಅದಕ್ಕೇ ಇವತ್ತು."

ಅವನು ಮೊಣಕಾಲಿನ ಧೂಳು ಕೊಡವಿಕೊಂಡ. ಆಮೇಲೆ ಹಜಾರದ ನಡುವೆ ಹೋಗಿ ನಿಂತ. ಬಾಗಿಲಲ್ಲಿ ಮ್ಯಾನೇಜರ್ ಕೈ ಕಟ್ಟಿ ನಿಂತಿದ್ದರು.

"ಕಳೆದ ವರ್ಷ ಬಿಲ್ಲು ಎರಡೆರಡು ಬಂದಿದ್ವಲ್ಲ," ಎಂದ. "ಅದು ಬಾನಾ ಲುಬುತೊ ತಪ್ಪಲ್ಲ. ಚಹಾ ಕಾಯಿಸೋಕೆ ನಾನು ಪ್ಲಗ್ಗು ಕಿತ್ತೆ. ಸುಳ್ಳೂ ನಾನೇ ಹೇಳಿದ್ದು."

ಹಜಾರ ಒಂದು ಗಳಿಗೆ ಸುಮ್ಮನಾಯಿತು. ಬಾನಾ ಲುಬುತೊ ಎಷ್ಟೋ ಸಲ ಮನಸ್ಸಿನಲ್ಲಿ ಕೇಳಿಸಿಕೊಂಡ ಮೌನವದು.

"ಆಯ್ತು ಬಿಡಿ," ಎಂದ ಗಣಿ ಬೂಟಿನವನು. "ನಮ್ಮ ಬೀದಿಗೆ ನೀರು ಯಾವತ್ತು ಬಿಡ್ತೀರಿ?"

ಎಲ್ಲರೂ ಒಟ್ಟಿಗೆ ಅದನ್ನೇ ಕೇಳತೊಡಗಿದರು. ಮ್ಯಾನೇಜರ್ ಮಾತ್ರ ನೀರಿನ ಮಾತೆತ್ತಲಿಲ್ಲ. "ಬಾ ಮ್ವೆಲ್ವಾ, ಆಮೇಲೆ ನನ್ನ ಕೋಣೆಗೆ ಬನ್ನಿ," ಎಂದು ಒಳಗೆ ಹೋದರು.

ಬಾನಾ ಲುಬುತೊ ಬೀಗ ತೆರೆದಳು. ಮ್ವೆಲ್ವಾ ಮೊದಲು ಅಜ್ಜಿಯ ಬಿಲ್ಲು ತೆಗೆದುಕೊಂಡ. ಹೊರಟ ಅಜ್ಜಿ ಗಾಜಿನ ಗೋಡೆಯ ಹಿಂದಕ್ಕೆ ಬಂದು, ಸುಲಿದ ನಾಲ್ಕು ಕಾಳು ಬಾನಾ ಲುಬುತೊಳ ಮೇಜಿನ ಮೇಲಿಟ್ಟಳು.

"ನೀನೂ ಬೆಳಗಿನಿಂದ ಏನೂ ತಿಂದಿಲ್ಲ, ತಾಯಿ. ಅವನನ್ನೇ ನೋಡ್ತಾ ಕೂತಿದ್ದೀಯ."

ಅಜ್ಜಿ ಕುಂಟುತ್ತ ಮೆಟ್ಟಿಲಿಳಿದಳು. ಬಾನಾ ಲುಬುತೊ ಕಾಳು ತಿಂದಳು, ಉಪ್ಪು ಹದವಾಗಿತ್ತು. ನಾಲ್ಕನೇ ಕೌಂಟರಿಗೆಂದು ಬರೆದ ಸಾಲು ಇನ್ನೂ ಅವಳ ಪರದೆಯ ಮೇಲಿತ್ತು. ಹೆಸರಿನ ಮೊದಲು 'ಬಾ' ಸೇರಿಸಿದಳು. ಉಳಿದದ್ದನ್ನು ಅಳಿಸಲಿಲ್ಲ. ಮುಂದಿನ ಸಲಕ್ಕೆ ಇರಲಿ ಎಂದು ಹಾಗೆಯೇ ಉಳಿಸಿಟ್ಟಳು.