ಲೆನ್ನಿಯ ಗುಟ್ಟಿನ ಕೋಣೆ

ಅಂಗಡಿಯಲ್ಲಿ ಆ ಡಬ್ಬಿ ನೋಡಿದ ಕೂಡಲೇ ವೆರ್ನಾ ಮುಖ ಸಿಂಡರಿಸಿದಳು. ಮೇಲೆ ಚಿನ್ನದ ಬಣ್ಣದಲ್ಲಿ ದೊಡ್ಡ ಅಕ್ಷರಗಳು: ನಲವತ್ತು ಹಳೆಯ ವಿಡಿಯೊ ಗೇಮ್‌ಗಳು, ಇದ್ದದ್ದು ಇದ್ದ ಹಾಗೆ. ಕೆಳಗೆ ಚೆಟ್ ಬ್ರಾಂಡ್‌ವೋಲ್ಡನ ಹಲ್ಲುಗಿಂಜಿದ ಮುಖ. ಮಿಲ್ವಾಕಿಯಲ್ಲಿ ಆಟದ ಕಂಪನಿ ನಡೆಸುತ್ತಿದ್ದ ಕಾಲದಲ್ಲಿ ಈ ಮಹಾಶಯ ಒಂದೇ ಒಂದು ಆಟವನ್ನೂ ಬರೆದವನಲ್ಲ. ಬರೆದವರ ಹೆಸರು ಹೊರಗೆ ಬಾರದಂತೆ ನೋಡಿಕೊಂಡಿದ್ದೇ ಅವನು ಮೈಬಗ್ಗಿಸಿ ಮಾಡಿದ ಕೆಲಸ. ಹೆಸರು ಗೊತ್ತಾದರೆ ಬೇರೆ ಕಂಪನಿಯವರು ಅವರನ್ನು ಎಗರಿಸಿಕೊಂಡು ಹೋಗುತ್ತಾರೆಂಬ ಭಯ. ಈಗ ಕಂಪನಿಯನ್ನು ಕೊಂಡವರು ಅವನನ್ನೇ ಎಲ್ಲ ಆಟಗಳ ಪಿತಾಮಹನೆಂದು ಕೂರಿಸಿದ್ದರು.

ಆದರೂ ಕೊಂಡಳು. ಲೆನ್ನಿಗಾಗಿ ಕೊಂಡಳು.

ಲೆನ್ನಿ ಗಯೆವ್‌ಸ್ಕಿ ಅದೇ ಕಂಪನಿಯಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತು 'ಐಸ್ ಹಾರ್ಬರ್' ಬರೆದವನು. ಮಂಜುಗಡ್ಡೆಯ ನಡುವೆ ಪುಟ್ಟ ದೋಣಿಯನ್ನು ದಡ ಸೇರಿಸುವ ಆಟ. ಚಿತ್ರಗಳು ವೆರ್ನಾಳದು, ಉಳಿದದ್ದೆಲ್ಲ ಅವನದು. ಕಳೆದ ಚಳಿಗಾಲದಲ್ಲಿ ಅವನು ಸತ್ತ. ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಅವನ ಅಣ್ಣ ಡ್ವೇನ್ ಎದ್ದು ನಿಂತು, "ನಮ್ ಲೆನ್ನಿ ಬಿಡ್ರಪ್ಪ, ಆ ಆಟಾನೂ ನಂದೇ ಅಂತಿದ್ದ, ಕೇಳಿದ್ರೆ ಮಿಶಿಗನ್ ಸರೋವರ ತೋಡಿದ್ದೂ ನಾನೇ ಅಂತಿದ್ನೋ ಏನೋ" ಎಂದ. ಎಲ್ಲರೂ ನಕ್ಕರು. ವೆರ್ನಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ನೆಲದ ಹಿಮ ಕರಗಿದ ಮೇಲೆ ಸಮಾಧಿಗೆ ಕಲ್ಲು ನಿಲ್ಲಿಸುವವರಿದ್ದರು. ಅದರ ಮೇಲೆ ಆಟದ ಹೆಸರು ಕೆತ್ತಿಸಬೇಕೆಂದು ವೆರ್ನಾ ಕೇಳಿಕೊಂಡಳು. ಡ್ವೇನ್ ಕಡ್ಡಿ ಮುರಿದಂತೆ ಹೇಳಿದ: "ಸುಳ್ಳನ್ನ ಕಲ್ಲಲ್ಲಿ ಕೆತ್ಸೋಕೆ ನಂಗಾಗಲ್ಲ. ನೀನು ಅವನ ಗೆಳತಿ, ಅವನ ಪರವಾಗೇ ಮಾತಾಡ್ತೀಯ."

ಅವಳ ಹತ್ತಿರ ಸಾಕ್ಷಿ ಒಂದೇ. ಚೆಟ್‌ನ ಕಣ್ಣು ತಪ್ಪಿಸಿ ಲೆನ್ನಿ ಆಟದೊಳಗೆ ಗುಟ್ಟಿನ ಕೋಣೆಯೊಂದನ್ನು ಮಾಡಿದ್ದ. ದೀಪಸ್ತಂಭದ ಕೆಳಗೆ ದೋಣಿಯನ್ನು ಅಲ್ಲಾಡಿಸದೆ ನಿಲ್ಲಿಸಿದರೆ ಗೋಡೆ ತೆರೆದುಕೊಂಡು ಒಳಗೆ ಅವನ ಪೂರ್ತಿ ಹೆಸರು ಕಾಣುತ್ತಿತ್ತು. ಅವಳ ಹತ್ತಿರವಿದ್ದ ಆ ಆಟದ ಹಳೆಯ ಕಾರ್ಟ್ರಿಜ್ ನೆಲಮಾಳಿಗೆಗೆ ನೀರು ನುಗ್ಗಿದಾಗ ಹಾಳಾಗಿತ್ತು. ಇಂಟರ್ನೆಟ್ಟಿನಲ್ಲಿ ಸಿಗುತ್ತಿದ್ದುದು ಕದ್ದ ಪ್ರತಿ. ನಕಲು ತಡೆಯುವ ಬೀಗ ಒಡೆದು ಕದ್ದವರು ಒಳಗಿನ ಹೆಸರುಗಳನ್ನು ಅಳಿಸಿ ತಮ್ಮದನ್ನು ಬರೆದುಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅದನ್ನು ಮುಟ್ಟಿರಲಿಲ್ಲ. ಕಂಪನಿಯವರೇ ಹೊರತಂದರೆ ಅಸಲಿ ಪ್ರತಿಯೇ ಇರುತ್ತದೆಂದು ನಂಬಿದಳು.

ಶುಕ್ರವಾರ ಸಂಜೆ ಡ್ವೇನನ ಮನೆಗೆ ಹೋದಳು. ಅವನು ಮೂಲೆಯ ಬಾರಿನಿಂದ ಕರಿದ ಮೀನು, ಆಲೂಗಡ್ಡೆ ದೋಸೆ, ರೈ ಬ್ರೆಡ್ಡು ಕಟ್ಟಿಸಿಕೊಂಡು ಬಂದು ಟೀವಿಯ ಮುಂದೆ ಹರಡಿಕೊಂಡಿದ್ದ. ಟೀವಿಯಲ್ಲಿ ಚೆಂಡುರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಡುವುದಕ್ಕೆಂದು ಅವನೊಂದು ಗೇಮ್ ಯಂತ್ರ ಇಟ್ಟುಕೊಂಡಿದ್ದ.

"ಬಾ ತಾಯಿ, ತೋರ್ಸು ನಿನ್ನ ಪವಾಡ" ಎಂದ.

ಡಿಸ್ಕ್ ಹಾಕಿದರೆ ಮೊದಲು ಇಮೇಲ್ ಕೊಡಿ ಎಂದಿತು. ಆಮೇಲೆ ಚೆಟ್‌ನ ಸಂದರ್ಶನ. ದಾಟಿ ಮುಂದೆ ಹೋಗೋಣವೆಂದರೆ ಯಾವ ಗುಂಡಿ ಒತ್ತಿದರೂ ಅವನು ಜಗ್ಗಲಿಲ್ಲ. 'ಐಸ್ ಹಾರ್ಬರ್ ನನಗೆ ಕನಸಿನಲ್ಲಿ ಬಂತು' ಎಂದು ಕಣ್ಣು ಒದ್ದೆ ಮಾಡಿಕೊಂಡ.

"ನೋಡು, ಪಾಪ, ಅಳ್ತಾನೆ" ಎಂದ ಡ್ವೇನ್.

"ಥೂ, ಅವನ ಮುಖಕ್ಕಿಷ್ಟು! ಸಂಬಳದ ದಿನ ಮೂಗಿಗೆ ಕರ್ಚೀಫ್ ಹಿಡ್ಕೊಂಡು, ನೆಗಡಿ ಅಂತ ಮನೇಲಿ ಕೂರ್ತಿದ್ದ ಇವನು."

ಆಟ ಬಂತು. ವೆರ್ನಾ ಹಲ್ಲು ಕಚ್ಚಿದಳು. ಚೌಕ ಚೌಕವಾಗಿ ಅವಳು ಜೋಡಿಸಿದ್ದ ದೋಣಿಯ ಅಂಚುಗಳನ್ನೆಲ್ಲ ಯಾರೋ ತಿಕ್ಕಿ ನುಣುಪು ಮಾಡಿದ್ದರು; ಎಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು. ಬೆಳ್ಳಗಿದ್ದ ಮಂಜುಗಡ್ಡೆ ರಾಡಿಯಾಗಿತ್ತು. ಹಳೇ ಕಾಲದ್ದೆಂದು ಕಾಣಲೆಂದು ಟೀವಿಯ ಒಳಗೆ ಇನ್ನೊಂದು ಸುಳ್ಳು ಟೀವಿಯ ಚೌಕಟ್ಟು ಬೇರೆ.

"ಇದನ್ನ ದುಡ್ಡು ಕೊಟ್ಟು ತಂದ್ಯಾ?"

"ಸೋಮವಾರ ವಾಪಸ್ ಕೊಡ್ತೀನಿ. ಬಿಲ್ಲು ಬ್ಯಾಗಲ್ಲೇ ಇದೆ."

ದೋಣಿ ಮಂಜಿಗೆ ಬಡಿಯಿತು. ಆಟ ತಾನಾಗಿ ನಿಂತು, 'ಹಿಂದಕ್ಕೆ ಹೋಗಲೇ?' ಎಂದು ಕೇಳಿತು. ಗುಂಡಿ ಒತ್ತಿದರೆ ಮುಳುಗಿದ ದೋಣಿ ಮೇಲೆದ್ದು, ಬಂದ ದಾರಿಯಲ್ಲೇ ಹಿಂದೆ ಸರಿಯುತ್ತಿತ್ತು.

"ಸೋಲೋದೇ ಇಲ್ಲ ಅಂದ್ರೆ ಆಟ ಯಾತಕ್ಕೆ?" ಎಂದು ವೆರ್ನಾ ಸಿಡುಕಿದಳು. ಲೆನ್ನಿ ಒಂದೊಂದು ಮಂಜುಗಡ್ಡೆಯನ್ನೂ ಎಷ್ಟು ಯೋಚಿಸಿ ಇಟ್ಟಿದ್ದ! ಇವರು ಅದನ್ನು ಹಲ್ಲಿಲ್ಲದವರಿಗೆ ಕಲಸಿಕೊಡುವ ಗಂಜಿ ಮಾಡಿಟ್ಟಿದ್ದರು.

ಆದರೂ ಆ ಗುಂಡಿಯ ದಯೆಯಿಂದಲೇ ಅವಳ ಗಂಟು ಹಿಡಿದ ಬೆರಳುಗಳು ದೀಪಸ್ತಂಭದವರೆಗೆ ದೋಣಿಯನ್ನು ಸಾಗಿಸಿದವು. ನಿಲ್ಲಿಸಿದಳು. ಉಸಿರು ಬಿಗಿಹಿಡಿದಳು. ಗೋಡೆ ತೆರೆಯಿತು.

ಒಳಗೆ ಕೆಂಪು ಅಕ್ಷರಗಳಲ್ಲಿ 'ಬೀಗ ಒಡೆದವನು ರೇಜರ್ ರ‍್ಯಾಟ್' ಎಂದಿತ್ತು.

ವೆರ್ನಾಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕಂಪನಿಯವರು ತಮ್ಮ ಅಸಲಿ ಪ್ರತಿಯನ್ನು ಎಂದೋ ಕಳೆದುಕೊಂಡಿದ್ದರು. ಇಂಟರ್ನೆಟ್ಟಿನಿಂದ ಕಳ್ಳರ ಪ್ರತಿಯನ್ನೇ ಇಳಿಸಿಕೊಂಡು, ಒಂದು ಸಲ ಕೂಡ ಆಡಿ ನೋಡದೆ, ಚಿನ್ನದ ಅಕ್ಷರ ಮೆತ್ತಿ ಮಾರಿದ್ದರು. 

ಡ್ವೇನ್ ಮೀನಿನ ಎಣ್ಣೆ ಒರೆಸಿಕೊಂಡು ಹೊಟ್ಟೆ ಹಿಡಿದು ನಕ್ಕ. "ಓಹೋ, ಇಲಿ ಬರೆದಿದ್ದಾ? ಸರಿ ಬಿಡು, ಕಲ್ಲಿನ ಮೇಲೆ ಇಲೀನೇ..."

ಅವನ ಮಾತು ಅಲ್ಲೇ ನಿಂತಿತು. ಆಟದೊಳಗಿನ ಗುಟ್ಟಿನ ಕೋಣೆಯಿಂದ ಸಣ್ಣದೊಂದು ಸಿಳ್ಳು ಕೇಳಿಸಿತ್ತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಕೆಳಗಿಳಿಯುವ ಎಳೆ. ದೋಣಿ ಮನೆ ಮುಟ್ಟಿತೆಂದು ತಿಳಿಯಲಿ ಅಂತ ಹಾಕಿದೆ ಎಂದು ಲೆನ್ನಿ ಹೇಳಿದ್ದು ವೆರ್ನಾಳಿಗೆ ನೆನಪಿತ್ತು. ಅದಕ್ಕಿಂತ ಹೆಚ್ಚೇನೂ ಅವಳಿಗೆ ಗೊತ್ತಿರಲಿಲ್ಲ. ಅಕ್ಷರ ಬದಲಿಸಿದ ಕಳ್ಳನಿಗೂ ಅದನ್ನು ಅಳಿಸಬೇಕೆಂದು ಹೊಳೆದಿರಲಿಲ್ಲ.

"ಇದು ನಮ್ಮಪ್ಪಂದು" ಎಂದ ಡ್ವೇನ್.

"ಏನು?"

"ಊಟಕ್ಕೆ ಕರೆಯೋ ಸಿಳ್ಳು. ಹಿಂದಿನ ಮೆಟ್ಟಿಲ ಮೇಲೆ ನಿಂತ್ಕೊಂಡು ಊದೋನು. ನಾವಿಬ್ರೂ ಎಲ್ಲಿದ್ರೂ ಎದ್ದು ಓಡಬೇಕಿತ್ತು. ಬೇರೆ ಯಾರಿಗೂ ಬರ್ತಿರ್ಲಿಲ್ಲ ಕಣೆ ಅದು. ನಂಗೂ ಬರಲ್ಲ." ಅವನು ಅವಳ ಕೈಯಿಂದ ಕಂಟ್ರೋಲರ್ ತೆಗೆದುಕೊಂಡ. "ಹಿಂದಕ್ಕೆ ಓಡ್ಸೋದು ಯಾವ ಗುಂಡಿ?"

ವೆರ್ನಾ ತೋರಿಸಿದಳು. ದೋಣಿ ಹಿಂದೆ ಸರಿಯಿತು, ಮತ್ತೆ ಒಳಗೆ ಬಂತು, ಸಿಳ್ಳು ಕೇಳಿಸಿತು. ಅವನು ಮತ್ತೆ ಒತ್ತಿದ. ಮತ್ತೆ ಒತ್ತಿದ. ಮೀನು ತಣ್ಣಗಾಯಿತು. ಮಣ್ಣು ಮಾಡಿದ ದಿನ ಊಟಕ್ಕೆ ಕೂತವರ ಮುಂದೆ ತಾನು ಆಡಿದ ಮಾತು ನೆನಪಾಯಿತೋ ಏನೋ, ಅವನು ಅವಳ ಕಡೆ ತಿರುಗಲೇ ಇಲ್ಲ.

"ಈ ಹೊಲಸನ್ನ ಸೋಮವಾರ ಅಂಗಡಿಯವನ ಮುಖಕ್ಕೆ ಎಸೀಬೇಕು ಅಂತಿದ್ದೆ" ಎಂದಳು ವೆರ್ನಾ.

"ಮುಟ್ಟಿ ನೋಡು, ಕೈ ಮುರೀತೀನಿ." ಕಂಟ್ರೋಲರನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಮೂಗು ಒರೆಸಿಕೊಂಡ. "ಕಲ್ಲು ಕೆತ್ತೋನಿಗೆ ಆಟದ ಹೆಸರು ನಾನು ಹೇಳ್ತೀನಿ. ದೋಣಿ ನೀನು ಬರ್ಕೊಡು. ಈ ಎಣ್ಣೆ ಬಳ್ದಿರೋದು ಬೇಡ ವೆರ್ನಾ. ನೀನು ಮಾಡಿದ್ಯಲ್ಲ, ಚೌಕ ಚೌಕದ್ದು, ಅದು."