ಕಣಜವನ್ನು ಕಾಪಾಡಿದ ಬಗೆ

ಹಳೆಯ ಧಾನ್ಯದ ದೂಳು, ಗೋಣಿಚೀಲ, ಆಗಷ್ಟೇ ಬೀಸಿದ ಬಿಸಿ ಹಿಟ್ಟು ಎಲ್ಲ ಬೆರೆತ ಒಂದು ವಾಸನೆ ಅಲ್ಲಿತ್ತು. ಅಪ್ಪನ ಕೈ ಹಿಡಿದು ಒಳಗೆ ಕಾಲಿಟ್ಟರೆ ಮೊದಲು ಸೀನು ಬರುತ್ತಿತ್ತು, ಆಮೇಲೆ ಹಸಿವು. ಸುತ್ತಲಿನ ಹೊಲಗಳ ಫಸಲೆಲ್ಲ ಬಂದು ತುಂಬುತ್ತಿದ್ದ ಆ ದೊಡ್ಡ ಕಟ್ಟಡವನ್ನು ನಾವು ಕಣಜ ಎನ್ನುತ್ತಿದ್ದೆವು. ಈಗ ಅದು ಖಾಲಿ. ಮುಂದಿನ ಚಾವಡಿಯಲ್ಲಿ ಮಾತ್ರ ಗಿರಣಿಯಣ್ಣ ಹಿಟ್ಟು ಬೀಸುತ್ತಾನೆ. ಯಂತ್ರದ ಪಕ್ಕದ ಕೋಣೆಯಲ್ಲೇ ಅವನ ಸಂಸಾರ. ಹೊಟ್ಟೆಪಾಡು, ಸೂರು ಎರಡೂ ಒಂದೇ ಗೋಡೆಗೆ ಅಂಟಿಕೊಂಡಿವೆ.

ನಗರಸಭೆಯ ಸದಸ್ಯೆಯಾಗಿ ನಾನು ತಂದ ಗೊತ್ತುವಳಿ ಒಂದೇ: ಹಳೆಯ ಕಣಜವನ್ನು ಕಾಪಾಡಿ, ಆ ಜಾಗವನ್ನು ಅಭಿವೃದ್ಧಿಪಡಿಸಬೇಕು. ಯಾರೂ ವಿರೋಧಿಸಲಿಲ್ಲ. ನಾನು ಉಬ್ಬಿಹೋಗಿದ್ದೆ.

ಆದರೆ ಆಯುಕ್ತರು ಹೊಸಬರು. ಅವರು ಬೆಳೆದ ಕಡೆ ಧಾನ್ಯ ತುಂಬುವ ಜಾಗಕ್ಕೆ ಗೋದಾಮು ಎನ್ನುತ್ತಾರಂತೆ. ಕಣಜ ಎಂದರೆ ಅವರಿಗೆ ಗೊತ್ತಿದ್ದುದು ಕಚ್ಚುವ ಹುಳು ಮಾತ್ರ. ಚಿಕ್ಕಂದಿನಲ್ಲಿ ಅವರ ಮೂಗಿಗೇ ಒಂದು ಕಚ್ಚಿತ್ತು. ಸ್ಥಳ ನೋಡಲು ಹೋದರೆ, ನಮ್ಮ ಗ್ರಹಚಾರಕ್ಕೆ, ನಡುವಿನ ತೊಲೆಯಲ್ಲಿ ಕುಂಬಳಕಾಯಿಯಷ್ಟು ದೊಡ್ಡ ಕಣಜದ ಗೂಡು ತೂಗುತ್ತಿತ್ತು. ತಮ್ಮನ್ನು ಕಚ್ಚಿದ ಜಾತಿಯನ್ನೇ ಕಾಪಾಡಲು ಹೊರಟ ಆ ಮನುಷ್ಯನ ಮನಸ್ಸು ದೊಡ್ಡದು, ಒಪ್ಪಿಕೊಳ್ಳಬೇಕು. ಕಣಜಕ್ಕೆ ಕಿಂಚಿತ್ತೂ ತೊಂದರೆಯಾಗದಂತೆ ಅದರ ಸುತ್ತಲಿನ ಶಿಥಿಲ ಕಟ್ಟಡವನ್ನು ಕೆಡವಿ ಉದ್ಯಾನ ಮಾಡತಕ್ಕದ್ದು ಎಂದು ಆದೇಶ ಹೊರಟಿತು.

ಸುದ್ದಿ ತಂದವನು ನನ್ನ ತಂಗಿಯ ಮಗ, ನಗರಸಭೆಯ ಎಂಜಿನಿಯರ್.

“ದೊಡ್ಡಮ್ಮ, ನಿಮ್ಮ ಕಣಜಕ್ಕೆ ಏನೂ ಆಗಲ್ಲ. ಕಟ್ಟಡ ಮಾತ್ರ ಹೋಗುತ್ತೆ.”

“ಕಣಜ ಅಂದ್ರೆ ಕಟ್ಟಡಾನೇ ಕಣೋ.”

“ಅದು ನಿಮ್ಮ ಕಾಲದ ಅರ್ಥ. ಆದೇಶದಲ್ಲಿರೋದು ಹುಳು.”

ನಾನು ಆಯುಕ್ತರ ಕಚೇರಿಗೆ ಓಡಿದೆ. ಅವರು ತಾವೇ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಕೂರಿಸಿದರು, ನೀರು ಕೊಟ್ಟರು, ಕೊನೆಯವರೆಗೂ ಕೇಳಿಸಿಕೊಂಡರು. ಪದದ ಅರ್ಥ ತಿದ್ದುವ ಅಧಿಕಾರ ಸಭೆಗೆ ಮಾತ್ರ ಇದೆ, ಸಭೆ ಮುಂದಿನ ತಿಂಗಳು, ಕೆಡವುವುದು ನಾಳೆ ಎಂದು ನಿಜವಾಗಿಯೂ ನೊಂದುಕೊಂಡು ಹೇಳಿದರು. ಅಷ್ಟರಲ್ಲಾಗಲೇ ‘ಕಣಜಗಳಿವೆ, ಮೆತ್ತಗೆ ಮಾತಾಡಿ’ ಎಂಬ ಫಲಕವನ್ನು ಕಟ್ಟಡದ ಮುಂದೆ ನೆಟ್ಟಾಗಿತ್ತು. ಆ ಬೀದಿಯಲ್ಲಿ ತರಕಾರಿಯವಳು ಕೂಡ ಕೈಸನ್ನೆಯಲ್ಲೇ ಸೊಪ್ಪು ಮಾರುತ್ತಿದ್ದಳು.

ಮರುದಿನ ಬೆಳಗ್ಗೆ ಗಿರಣಿಯಣ್ಣನ ಹೆಂಡತಿ ಒಲೆ ಹಚ್ಚದೆ ಪಾತ್ರೆಗಳನ್ನು ಮೂಟೆ ಕಟ್ಟಿ ಬೀದಿಗೆ ತಂದಿಟ್ಟಳು. ಆಳುಗಳು ಹಾರೆ ಹಿಡಿದು ನಿಂತರು. ನನ್ನ ತಂಗಿಯ ಮಗ ಕೆಡವಬೇಕಾದದ್ದಕ್ಕೆ ಗುರುತು ಹಾಕಲು ಸೀಮೆಸುಣ್ಣ ತೆಗೆದ. ಗೂಡು ಅಲುಗಬಾರದು, ಹಾಗಾಗಿ ತೊಲೆ ಬಿಟ್ಟ. ತೊಲೆ ನಿಲ್ಲಬೇಕಲ್ಲ, ಕಂಬಗಳನ್ನು ಬಿಟ್ಟ. ಕಂಬ ವಾಲಬಾರದಲ್ಲ, ಗೋಡೆಗಳನ್ನು ಬಿಟ್ಟ. ಮಳೆ ಬಂದರೆ ಗೂಡು ನೆನೆಯುತ್ತದೆ ಎಂದು ಆಯುಕ್ತರು ನೆನಪಿಸಿದ ಮೇಲೆ ಚಾವಣಿಯನ್ನೂ ಬಿಟ್ಟ. ನನಗೆ ಉಸಿರು ಬಂತು. ಕೊನೆಗೆ ಕೆಡವಲು ಉಳಿದದ್ದು ಯಾವ ತೊಲೆಗೂ ಆಸರೆ ಕೊಡದ, ಆಮೇಲೆ ಕಟ್ಟಿದ ಮುಂದಿನ ಚಾವಡಿ ಮತ್ತು ಕೋಣೆ. ಅವನು ಅದರ ಮೇಲೆ ಗುರುತು ಹಾಕಿದ. ನನ್ನ ಮುಖ ನೋಡಲಿಲ್ಲ.

ಗಿರಣಿ ಅವತ್ತೂ ಬೆಳಗಿನಿಂದ ಓಡುತ್ತಲೇ ಇತ್ತು. ಅದರ ಗದ್ದಲಕ್ಕೆ ಪಾಪದ ಹುಳುಗಳು ಎಷ್ಟು ನರಳಿವೆಯೋ ಎಂದು ಆಯುಕ್ತರು ಅದನ್ನು ನಿಲ್ಲಿಸಲು ಹೇಳಿದರು. ಗಿರಣಿಯಣ್ಣ ಕೊನೆಯ ಸಲವೆಂಬಂತೆ ಯಂತ್ರವನ್ನು ಒರೆಸಿ, ಗುಂಡಿ ಒತ್ತಿದ.

ಸದ್ದು ನಿಂತಿತು. ತೊಲೆಯ ಮೇಲಿನ ಗೂಡು ಒಂದು ಕ್ಷಣ ಯೋಚಿಸಿದಂತಿತ್ತು. ಆಮೇಲೆ ಇಡೀ ಒಕ್ಕಲು ಹೊರಗೆ ಬಂತು. ಒಂದು ನನ್ನ ತಂಗಿಯ ಮಗನ ಕಿವಿಗೆ ಕಚ್ಚಿತು. ಆಳುಗಳು ಹಾರೆ ಬಿಸಾಡಿ ಓಡಿದರು. ಆಯುಕ್ತರು ಓಡುವ ಬದಲು ತಮ್ಮ ಕೊಡೆ ಬಿಚ್ಚಿ ನನ್ನ ಮುಖಕ್ಕೆ ಅಡ್ಡ ಹಿಡಿದರು.

ಗಿರಣಿಯಣ್ಣ ತಟ್ಟನೆ ಮತ್ತೆ ಗುಂಡಿ ಒತ್ತಿದ. ಯಂತ್ರ ಗುರುಗುಟ್ಟತೊಡಗಿದಂತೆ ಹುಳುಗಳು ಒಂದೊಂದಾಗಿ ಗೂಡಿಗೆ ಮರಳಿದವು.

“ಅವಕ್ಕಿದು ಜೋಗುಳ ಇದ್ದ ಹಾಗೆ ಸಾರ್,” ಎಂದ ಅವನು. “ನಿಂತ್ರೆ ಎಚ್ಚರ ಆಗಿಬಿಡ್ತವೆ.”

ಆಯುಕ್ತರು ಮೆಲ್ಲಗೆ ಕೊಡೆ ಮಡಚಿದರು. ಆಮೇಲೆ, ಗಿರಣಿಯನ್ನು ಹಗಲಲ್ಲಿ ಯಾವ ಕಾರಣಕ್ಕೂ ನಿಲ್ಲಿಸಕೂಡದು ಎಂದು ಪಿಸುದನಿಯಲ್ಲಿ ಅಪ್ಪಣೆ ಕೊಟ್ಟರು.

“ಚಾವಡಿ ಸಾರ್?” ಎಂದ ನನ್ನ ತಂಗಿಯ ಮಗ, ಕಿವಿ ಹಿಡಿದುಕೊಂಡು.

“ಗಿರಣಿ ಏನು ಬಯಲಲ್ಲಿ ನಡೆಯುತ್ತೇನ್ರೀ?”

ಅವನು ಒದ್ದೆ ಬಟ್ಟೆ ತಂದು ಗುರುತುಗಳನ್ನು ಒರೆಸಿದ. ಗಿರಣಿಯಣ್ಣನ ಹೆಂಡತಿ ಮೂಟೆಗಳನ್ನು ಒಳಗೆ ಸಾಗಿಸತೊಡಗಿದಳು. ನಾನೂ ಕೈಜೋಡಿಸಿದೆ.

ಆದರೆ ಗಿರಣಿ ಖಾಲಿ ತಿರುಗಿದರೆ ಕಲ್ಲು ಸವೆಯುತ್ತದೆ. ಬೀದಿಯವರೆಲ್ಲ ಮನೆಯಲ್ಲಿದ್ದ ಕಾಳುಕಡ್ಡಿ ತಂದು ಸುರಿದರು. ಕಾಳು ಮುಗಿದ ಮೇಲೆ ಬೀಸಿದ ಹಿಟ್ಟನ್ನೇ ಮತ್ತೆ ಬೀಸಿಸಿದರು. ಮಧ್ಯಾಹ್ನ ಕಳೆಯಿತು. ಗಿರಣಿಯಣ್ಣ ಅಲುಗುವಂತಿರಲಿಲ್ಲ. ಒಳಗೆ ಒಲೆ ಇನ್ನೂ ತಣ್ಣಗಿತ್ತು.

ಆಯುಕ್ತರು ಜೀಪಿನಿಂದ ತಮ್ಮ ಎರಡಂತಸ್ತಿನ ಊಟದ ಡಬ್ಬಿ ತಂದರು. ಮೇಲಿನದನ್ನು ಬಿಚ್ಚಿ, ಅವನ ಹಿಟ್ಟು ಮೆತ್ತಿದ ಕೈಗೆ ಕೊಟ್ಟರು. ಕೆಳಗಿನದನ್ನು ಅವನ ಹೆಂಡತಿಯ ಕಡೆ ಚಾಚಿದರು.