ನೀಲಿಪಟ್ಟಿಯ ಇಪ್ಪತ್ತೊಂದು ದಿನ

ನೀಲಿಪಟ್ಟಿ ಪ್ರಿಂಟರಿಗೆ ಮಾರುಕಟ್ಟೆಯಲ್ಲಿ ಎಷ್ಟು ಕೆಟ್ಟ ಹೆಸರಿತ್ತೆಂದರೆ, ಅದನ್ನು ಮಾರುವಾಗ ಅಂಗಡಿಯವರು ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಬೆಲೆಯೇನೋ ಎಲ್ಲಕ್ಕಿಂತ ಕಡಿಮೆ. ಆದರೆ ಒಂದು ವಾರ ಮುಟ್ಟದೆ ಬಿಟ್ಟರೆ ಶಾಯಿ ಒಣಗಿ, ಅಕ್ಷರಗಳ ಮೈಮೇಲೆ ಬಾಚಣಿಗೆ ಎಳೆದ ಹಾಗೆ ಬಿಳಿ ಗೆರೆಗಳು. “ಅದು ಪ್ರಿಂಟರಲ್ಲ ಕಣ್ರೀ, ಬೀಗರು. ದಿನಾ ಮಾತಾಡಿಸ್ತಾ ಇರಬೇಕು, ಇಲ್ಲಾಂದ್ರೆ ಮುನಿಸ್ಕೊಳ್ತಾರೆ” ಎಂದು ರಿಪೇರಿಯವನೊಬ್ಬ ಹೇಳಿದ್ದನ್ನು ಗ್ರಾಹಕ ಪತ್ರಿಕೆ ಹಾಗೆಯೇ ಅಚ್ಚು ಹಾಕಿತ್ತು. ಆ ವರದಿ ಬರೆದವಳು ಒಂದು ಮನೆಯ ದೊಡ್ಡ ಸೊಸೆ. ಪತ್ರಿಕೆಯ ಪರೀಕ್ಷಾ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಪ್ರಿಂಟರುಗಳ ಗುಣ ಅಳೆಯುವುದು ಅವಳ ಕೆಲಸ.

ಆಗ ನೀಲಿಪಟ್ಟಿ ಯಾರೋ, ಇವಳು ಯಾರೋ. ಈಗ ಹಾಗಲ್ಲ. ಎರಡು ವರ್ಷದಿಂದ ಆ ಕಂಪನಿಯಲ್ಲಿ ಹೊಸ ಕಪ್ಪು ಶಾಯಿ ಮಾಡುತ್ತಿದ್ದವಳು ಅವಳ ಓರಗಿತ್ತಿ, ಆ ಮನೆಯ ಚಿಕ್ಕ ಸೊಸೆ.

ಇಬ್ಬರೂ ಓದಿದ್ದು ರಸಾಯನಶಾಸ್ತ್ರವನ್ನೇ. ದೊಡ್ಡವಳಿಗೆ ಕಾಲೇಜಿಗೇ ಮೊದಲ ಸ್ಥಾನ. ಚಿಕ್ಕವಳು ಒಂದು ಪೇಪರನ್ನು ಎರಡು ಸಲ ಬರೆದು ಪಾಸಾದವಳು. ಆದರೆ ಅತ್ತೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯುವ ಮೊದಲೇ, “ನಮ್ಮ ಚಿಕ್ಕವಳು ಶಾಯಿ ಕಂಡುಹಿಡೀತಿದ್ದಾಳೆ” ಎನ್ನುತ್ತಿದ್ದರು. “ದೊಡ್ಡವರು?” ಎಂದರೆ, “ಅವಳು ಆಫೀಸಲ್ಲಿ ಏನೋ ಚೆಕ್ ಮಾಡ್ತಾಳೆ.” ಆ ‘ಏನೋ’ ದೊಡ್ಡವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತ್ತು. ಅದು ಸುಳ್ಳಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಚಿಕ್ಕವಳು ಮಾಡುವವಳು, ತಾನು ಬೇರೆಯವರು ಮಾಡಿದ್ದನ್ನು ಅಳೆಯುವವಳು. ಅದು ಅವಳಿಗೂ ಗೊತ್ತಿತ್ತು.

ನೀಲಿಪಟ್ಟಿಯ ಹೊಸ ಮಾದರಿ ಪರೀಕ್ಷೆಗೆ ಬಂದಾಗ, ಶಾಯಿ ಮಾಡಿದವಳು ತನ್ನ ಓರಗಿತ್ತಿ ಎಂದು ಸಂಪಾದಕರಿಗೆ ತಿಳಿಸುವುದು ನಿಯಮ. ತಿಳಿಸಲಿಲ್ಲ. ಅಳೆಯುವುದು ಉಪಕರಣ, ಉಪಕರಣಕ್ಕೆಲ್ಲಿಯ ನೆಂಟಸ್ತಿಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜವೆಂದರೆ, ಆ ಯಂತ್ರ ಬೇರೆ ಯಾರ ಕೈಗೂ ಹೋಗುವುದು ಅವಳಿಗೆ ಬೇಕಿರಲಿಲ್ಲ.

ಮುದ್ರಣದ ವೇಗ, ಅಕ್ಷರದ ಅಂಚು, ಶಾಯಿಯ ಖರ್ಚು ಎಲ್ಲ ಮುಗಿದು ಉಳಿದದ್ದು ಕೊನೆಯ ಪರೀಕ್ಷೆ: ಐದು ಕಂಪನಿಯ ಐದು ಪ್ರಿಂಟರುಗಳನ್ನು ಆಫ್ ಮಾಡಿ ಇಪ್ಪತ್ತೊಂದು ದಿನ ಮುಟ್ಟದೆ ಬಿಡುವುದು. ಇದರ ಕ್ರಮವನ್ನು ಬರೆದು ಗೋಡೆಗೆ ಅಂಟಿಸಿದವಳೂ ಅವಳೇ. ಪ್ರತಿಯೊಂದನ್ನೂ ಅದರದೇ ಗುಂಡಿ ಒತ್ತಿ ಆರಿಸಬೇಕು. ಶಾಯಿ ಚಿಮ್ಮುವ ಹೆಡ್ ಮೂಲೆಗೆ ಸರಿದು, ರಬ್ಬರಿನ ಗೂಡಿನಲ್ಲಿ ಕೂತು ‘ಟಕ್’ ಎನ್ನಬೇಕು. ಆಮೇಲಷ್ಟೇ ಗೋಡೆಯ ಸ್ವಿಚ್. ಗೂಡು ಸೇರದ ಹೆಡ್ ಎಂದರೆ ಮುಚ್ಚಳ ಹಾಕದ ಪೆನ್ನು. ಎರಡು ಮೂರು ದಿನದಲ್ಲಿ ಅದರ ಕತೆ ಮುಗಿದಂತೆ.

ಅವತ್ತು ನಾಲ್ಕು ಯಂತ್ರಗಳು ಟಕ್ ಎಂದವು. ನೀಲಿಪಟ್ಟಿ ನಿಧಾನದ ಪ್ರಾಣಿ, ಇನ್ನೂ ತೆವಳುತ್ತಿತ್ತು. ಅಷ್ಟರಲ್ಲಿ ಅತ್ತೆಯ ಫೋನು.

“ಸಂಜೆ ಬೇಗ ಬಾ. ಚಿಕ್ಕವಳಿಗೆ ಬಡ್ತಿ ಆಗೋ ಹಾಗಿದೆಯಂತೆ. ನಿಮ್ಮ ಪತ್ರಿಕೆಯವರು ಒಂದು ಒಳ್ಳೆ ಮಾತು ಬರೆದ್ರೆ ಆಯ್ತಂತೆ. ಅಲ್ಲಿ ಅದನ್ನ ಬರೆಯೋರು ಯಾರು, ನಿನಗೆ ಗೊತ್ತಾ?”

“ಗೊತ್ತಿಲ್ಲ ಅತ್ತೆ” ಎಂದಳು. ಎನ್ನುತ್ತಲೇ ಅವಳ ಕೈ ಗೋಡೆಯ ಸ್ವಿಚ್ ಆರಿಸಿತು.

ಟಕ್ ಎನ್ನುವ ಸದ್ದು ಬರಲಿಲ್ಲ. ಮುಚ್ಚಳ ಎತ್ತಿ ನೋಡಿದಳು. ಹೆಡ್ ನಡುದಾರಿಯಲ್ಲಿ ನಿಂತಿತ್ತು. ಸ್ವಿಚ್ ಮತ್ತೆ ಹಾಕಿದ್ದರೆ ಅದು ತಾನಾಗಿ ಗೂಡಿಗೆ ಹೋಗಿ ಕೂರುತ್ತಿತ್ತು, ಅರ್ಧ ನಿಮಿಷದ ಕೆಲಸ. ಅವಳು ಮುಚ್ಚಳ ಇಳಿಸಿ, ಕೈ ತೊಳೆದು, ಕೋಣೆಗೆ ಬೀಗ ಹಾಕಿದಳು.

ಇಪ್ಪತ್ತೊಂದು ದಿನ ಬೀಗ ತೆಗೆಯಲಿಲ್ಲ. ವರದಿಗೆ ‘ಅತೃಪ್ತಿಕರ’ ಎಂಬ ಪದವನ್ನು ಮಾತ್ರ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದಳು.

ಇಪ್ಪತ್ತೆರಡನೆಯ ಬೆಳಿಗ್ಗೆ ಮುಚ್ಚಳ ಎತ್ತಿದಾಗ ಹೆಡ್ ಅಲ್ಲೇ, ನಡುದಾರಿಯಲ್ಲೇ ಇತ್ತು. ಯಂತ್ರ ಹಚ್ಚಿ ಪರೀಕ್ಷಾ ಹಾಳೆ ಹೊರಡಿಸಿದಳು. ಕಪ್ಪು ಶಾಯಿಗೆ ನೂರ ಎಂಬತ್ತು ರಂಧ್ರ, ರಂಧ್ರಕ್ಕೊಂದು ಗೆರೆ. ಭೂತಗನ್ನಡಿ ಹಿಡಿದು ಎಣಿಸಿದಳು. ನೂರ ಎಂಬತ್ತು. ಇನ್ನೊಮ್ಮೆ ಎಣಿಸಿದಳು. ಮೂರನೆಯ ಸಲವೂ ಒಂದು ಗೆರೆಯಾದರೂ ಕಮ್ಮಿಯಾಗಲೊಲ್ಲದು. ಗೂಡು ಸೇರಿ ಬೆಚ್ಚಗಿದ್ದ ನಾಲ್ಕರಲ್ಲಿ ಒಂದಕ್ಕೆ ಹದಿನಾರು ಗೆರೆ ಹೋಗಿತ್ತು.

ಅವಳು ಭೂತಗನ್ನಡಿ ಕೆಳಗಿಟ್ಟಳು. ಹನ್ನೊಂದು ವರ್ಷದಲ್ಲಿ ಇಂಥ ಶಾಯಿಯನ್ನು ಅವಳು ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನೀಲಿಪಟ್ಟಿಗೆ ಉಳಿದವುಗಳ ಸಾಲಿನಲ್ಲಿ ‘ತೃಪ್ತಿಕರ’ ಸಿಗುತ್ತಿತ್ತು, ಚಿಕ್ಕವಳಿಗೆ ಬಡ್ತಿಯೂ ಸಿಗುತ್ತಿತ್ತು. ಆದರೆ ಶಾಯಿಯ ನಿಜವಾದ ಬೆಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ತನ್ನ ತಪ್ಪೂ ನೆಂಟಸ್ತಿಕೆಯೂ ಬಯಲಾಗಿ, ಪರೀಕ್ಷೆ ರದ್ದಾಗಿ, ನೀಲಿಪಟ್ಟಿಯೇ ಈ ಸಂಚಿಕೆಯಿಂದ ಬಿದ್ದುಹೋಗುತ್ತಿತ್ತು. ನಿಜ ಹೇಳಿದರೂ ಓರಗಿತ್ತಿಯ ಹೊಟ್ಟೆಯ ಮೇಲೆ ಹೊಡೆದಂತೆಯೇ. ಹೇಳಬೇಕೆನ್ನಿಸುತ್ತಿರುವುದು ಅದಕ್ಕೇ ಇರಬಹುದೇ? ಅದನ್ನು ಅಳೆಯುವ ಉಪಕರಣವಿರಲಿಲ್ಲ.

ಭಾನುವಾರ ಮಧ್ಯಾಹ್ನ ಚಿಕ್ಕವಳು ಹಾಸಿಗೆಯ ಮೇಲೆ ಒಣಗಿದ ಬಟ್ಟೆಗಳ ರಾಶಿ ಹಾಕಿಕೊಂಡು ಮಡಚುತ್ತಿದ್ದಳು. ದೊಡ್ಡವಳು ಹಾಳೆಯನ್ನೂ ಸಂಪಾದಕರಿಗೆ ಬರೆದ ಪತ್ರವನ್ನೂ ಅವಳ ಮುಂದಿಟ್ಟಳು.

“ನಿನ್ನ ಪ್ರಿಂಟರ್ ಪರೀಕ್ಷೆ ಮಾಡಿದ್ದು ನಾನೇ. ಇದನ್ನ ನಾಳೆ ಕೊಟ್ರೆ ಈ ತಿಂಗಳು ನಿಮ್ಮ ಹೆಸರು ಬರಲ್ಲ.”

ಚಿಕ್ಕವಳು ಓದಿದಳು. ‘ಹೆಡ್ ಹೊರಗಿದ್ದ ಅವಧಿ’ ಎಂಬಲ್ಲಿ ಬೆರಳು ನಿಂತಿತು.

“ಇಪ್ಪತ್ತೊಂದು ದಿನ?”

“ಹೂಂ.”

“ಕೋಣೇಲಿ ತೇವಾಂಶ ಎಷ್ಟಿತ್ತು?”

“ನಲವತ್ತು.”

“ನಮ್ಮ ಲ್ಯಾಬಲ್ಲಿ ಒಂಬತ್ತು ದಿನ ಆಗ್ತಿದ್ದ ಹಾಗೇ ನಿಲ್ಲಿಸಿಬಿಟ್ವಿ ಅಕ್ಕ. ಇನ್ನು ಸಾಕು, ಇದಕ್ಕಿಂತ ಜಾಸ್ತಿ ಬರಲ್ಲ ಅಂದ್ರು.” ಮಡಚಿದ ಟವೆಲನ್ನು ಎದೆಗೆ ಅವಚಿಕೊಂಡು ಅವಳು ನಗುತ್ತಿದ್ದಳು. ಬಡ್ತಿಯ ನೆನಪೇ ಅವಳಿಗಿದ್ದಂತಿರಲಿಲ್ಲ. ಆ ನಗುವನ್ನು ನೋಡಿ ದೊಡ್ಡವಳ ಹೊಟ್ಟೆ ಉರಿಯಿತು; ಅತ್ತೆಯ ಹೊಗಳಿಕೆಗೂ ಇಷ್ಟು ಉರಿದಿರಲಿಲ್ಲ. ಆ ಸುಖದ ರುಚಿ ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಚಿಕ್ಕವಳು ಮುಂದಿನ ಸಾಲಿಗೆ ಬಂದಳು. “ಕಣ್ತಪ್ಪಿನಿಂದ ಅಂತ ಬರ್ದಿದೀಯ.”

“ಹೂಂ.”

“ಕಣ್ತಪ್ಪಿದ್ರೆ ಹೆಡ್ ಮೊದಲ ದಿನದಿಂದ್ಲೇ ಹೊರಗಿತ್ತು ಅಂತ ಹೇಗೆ ಗೊತ್ತಾಯ್ತು?”

ದೊಡ್ಡವಳು ಬಟ್ಟೆಯ ರಾಶಿಯಿಂದ ಒಂದು ಕಾಲುಚೀಲ ಎತ್ತಿಕೊಂಡು ಅದರ ಜೊತೆ ಹುಡುಕಿದಳು. ಸಿಗಲಿಲ್ಲ.

“ಮುಚ್ಚಳ ಎತ್ತಿ ನೋಡಿದ್ದೆ” ಎಂದಳು. “ನೋಡಿ, ಹಾಗೇ ಬಿಟ್ಟು ಬಂದೆ.”

ಚಿಕ್ಕವಳ ನಗು ನಿಂತಿತು. ಎರಡು ಅಂಗಿ ಮಡಚಿಟ್ಟಳು. ಆಮೇಲೆ ಕಿಟಕಿಯ ಕಟ್ಟೆಯ ಮೇಲಿದ್ದ ಪೆನ್ನು ತಂದು ಕೊಟ್ಟಳು.

“ಹಾಗಾದ್ರೆ ಹಾಗೇ ಬರಿ. ಕಣ್ತಪ್ಪು ಅಂದ್ರೆ ಇಪ್ಪತ್ತೊಂದು ದಿನ ಅನ್ನೋದನ್ನ ಯಾರೂ ನಂಬಲ್ಲ. ಗೊತ್ತಿದ್ದೂ ಬಿಟ್ಟೆ ಅಂತ ಬರೆದ್ರೆ ಪೂರ್ತಿ ಇಪ್ಪತ್ತೊಂದೂ ನನ್ನ ಶಾಯಿಯ ಲೆಕ್ಕಕ್ಕೆ ಸಿಗುತ್ತೆ.” ದನಿಯಲ್ಲಿ ಸಿಟ್ಟಿತ್ತು, ಆಸೆಯೂ ಇತ್ತು. “ದಿನಾಂಕ, ಗಂಟೆ ಎರಡೂ ಹಾಕು.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದೊಡ್ಡವಳು ‘ಕಣ್ತಪ್ಪಿನಿಂದ’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ‘ತಿಳಿದೂ’ ಎಂದು ಬರೆದಳು. ಗಂಟೆ ಬರೆದಳು. ನಿಮಿಷವೂ ನೆನಪಿತ್ತು, ಅದನ್ನೂ ಬರೆದು ಸಹಿ ಹಾಕಿದಳು.